ಮೊದಲ ವಿದೇಶಯಾನಕ್ಕೆ ಯಾವ ವಿಮಾನ?



ದಾವಣಗೆರೆಯ ಓದುಗರೊಬ್ಬರು, ನಿವೃತ್ತ ಶಿಕ್ಷಕರು, ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗಳು ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿದ್ದಾಳೆ; ಚೊಚ್ಚಲ ಹೆರಿಗೆಗೆ ಇನ್ನೆರಡು ತಿಂಗಳು. ವೀಸಾ ದೊರೆತಿದೆ. ಅಳಿಯಂದಿರು ನಾಲ್ಕು ಬಗೆಯ ಟಿಕೆಟ್ಟುಗಳ ವಿವರ ಕಳುಹಿಸಿ, ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದಾರೆ. ಅವುಗಳಲ್ಲಿ ಅಗ್ಗವಾದುದರಲ್ಲಿ ಎರಡು ಪರದೇಶಗಳಲ್ಲಿ ಇಳಿದು ಹತ್ತಬೇಕು. ಇದನ್ನು ಕೇಳಿದ ಗೃಹಿಣಿಯವರು, "ಕಾಶಿಯ ಆಚೆಗೆ ಕಾಲಿಟ್ಟವಳಲ್ಲ ನಾನು. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಬೇರೆ. ಎಲ್ಲಿಯಾದರೂ ತಪ್ಪಿಸಿಕೊಂಡರೆ ಯಾರು ಗತಿ? ನೀವೊಬ್ಬರೇ ಹೋಗಿ ಬನ್ನಿರಿ" ಎಂದು ಪಟ್ಟು ಹಿಡಿದಿದ್ದಾರಂತೆ. ಬಾಣಂತನಕ್ಕೆ ತಾಯಿ ಹೋಗದೆ ತಂದೆಯೊಬ್ಬರೇ ಹೋಗಿ ಮಾಡುವುದಾದರೂ ಏನು! ಟಿಕೆಟ್ಟಿನ ಆಯ್ಕೆ ಸರಿಯಾದರೆ ಆ ತಾಯಿ ಹೋಗುತ್ತಾರೆ, ತಪ್ಪಿದರೆ ಮಗಳು ದೂರದ ನಾಡಿನಲ್ಲಿ ತಾಯಿಯಿಲ್ಲದೆ ಹೆರಬೇಕಾಗುತ್ತದೆ. ಆದಕಾರಣ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇವೆ.

ಹಿಂದಿನವರಿಗೆ ಈ ತೊಡಕು ಇರಲಿಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾ ಸಂಸ್ಥೆಯ 'ಮಲಬಾರ್ ಪ್ರಿನ್ಸೆಸ್' ವಿಮಾನವು ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ ತಲುಪಿತು. ಅಂದು ಆಯ್ಕೆಯೆಂಬುದೇ ವಿರಳ; ಹಡಗನ್ನು ಬಿಟ್ಟರೆ ಅದೇ. ಇಂದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದಲೇ ದುಬೈ, ದೋಹಾ, ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್ ಹೀಗೆ ಹಲವು ಬಾಗಿಲುಗಳು ತೆರೆದಿವೆ. ಬಾಗಿಲು ಹೆಚ್ಚಾದಷ್ಟೂ ಹೊಸಬರಿಗೆ ಗೊಂದಲವೂ ಹೆಚ್ಚು.

ಮಕ್ಕಳು ಸಾಮಾನ್ಯವಾಗಿ ಮೊದಲು ನೋಡುವುದು ದರವನ್ನು. ಅದು ಅವರ ತಪ್ಪಲ್ಲ. ದುಡಿದು ಗಳಿಸಿದ ಹಣ. ಆದರೆ ಮೊದಲ ಬಾರಿಗೆ ಹೊರಡುವ ಹಿರಿಯರ ವಿಷಯದಲ್ಲಿ ಮೊದಲು ನೋಡಬೇಕಾದುದು ಎಷ್ಟು ಕಡೆ ಇಳಿದು ಹತ್ತಬೇಕು ಎಂಬುದನ್ನು ಎಂದೇ ನಮ್ಮ ಅಭಿಪ್ರಾಯ. ಒಂದೇ ಕಡೆ ಬದಲಾವಣೆಯಿರುವ ಪ್ರಯಾಣಕ್ಕೂ ಎರಡು ಕಡೆ ಬದಲಾವಣೆಯಿರುವುದಕ್ಕೂ ಇರುವ ಅಂತರವು ಲೆಕ್ಕದಲ್ಲಿ ಒಂದಾದರೂ ಅನುಭವದಲ್ಲಿ ಹತ್ತು. ನೇರ ವಿಮಾನ ದೊರೆತರೆ ಅದಕ್ಕಿಂತ ಸುಖ ಬೇರಿಲ್ಲ. 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಅಂಥ ಸೇವೆ ಆರಂಭವಾಗಿದ್ದುದು ಅನೇಕರಿಗೆ ನೆನಪಿರಬಹುದು. ಆದರೆ ಇಂಥ ಮಾರ್ಗಗಳು ತೆರೆಯುತ್ತವೆ, ಮುಚ್ಚುತ್ತವೆ. ನೆರೆಮನೆಯವರು ಎರಡು ವರ್ಷದ ಹಿಂದೆ ಹೋದರೆಂದು ನಂಬಿ ಕೂಡದೆ ಆಯಾ ತಿಂಗಳ ವೇಳಾಪಟ್ಟಿಯನ್ನೇ ವಿಚಾರಿಸಬೇಕು.

ಅಮೆರಿಕಕ್ಕೆ ಹೋಗುವವರು ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು. ಆ ದೇಶದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿಯೇ ಅಧಿಕಾರಿಗಳ ಪ್ರಶ್ನೆಗಳಿಗೆ ಉತ್ತರಿಸಿ, ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ತಾವೇ ಎತ್ತಿಕೊಂಡು ಸುಂಕದ ಕಟ್ಟೆ ದಾಟಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಆದಕಾರಣ ಷಿಕಾಗೋದಲ್ಲಿ ಇಳಿದು ಪಿಯೋರಿಯಾಕ್ಕೆ ಇನ್ನೊಂದು ಪುಟ್ಟ ವಿಮಾನ ಹತ್ತುವ ಗೋಜೇ ಬೇಡ. ಷಿಕಾಗೋದಿಂದ ಅಲ್ಲಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಅಳಿಯಂದಿರು ಬಂದು ಕರೆದೊಯ್ಯಲಿ. ಅತ್ತೆ-ಮಾವಂದಿರು ಮೊದಲ ಬಾರಿಗೆ ಬರುವಾಗ ಎದುರುಗೊಳ್ಳಲು ಮೂರು ಗಂಟೆ ಕಾರು ನಡೆಸುವುದು ನಮ್ಮ ಸಂಪ್ರದಾಯದಲ್ಲಿ ದೊಡ್ಡ ಮಾತಲ್ಲ.

ಇನ್ನು ಯಾವ ದಿಕ್ಕಿನಿಂದ ಹೋಗುವುದು? ಕೊಲ್ಲಿಯ ಮೂಲಕವೋ ಯುರೋಪಿನ ಮೂಲಕವೋ? ಅಬುಧಾಬಿಯ ಮಾರ್ಗಕ್ಕೆ ಒಂದು ವಿಶೇಷವಿದೆ. 2014ರಿಂದ ಅಲ್ಲಿಯೇ ಅಮೆರಿಕದ ಅಧಿಕಾರಿಗಳು ಕುಳಿತು ಪಾಸ್‌ಪೋರ್ಟ್ ಪರೀಕ್ಷೆ, ಸುಂಕದ ಪರೀಕ್ಷೆ ಮುಗಿಸಿಬಿಡುತ್ತಾರೆ. ಷಿಕಾಗೋದಲ್ಲಿ ಇಳಿದವರು ಪೆಟ್ಟಿಗೆ ಹಿಡಿದು ನೇರವಾಗಿ ಹೊರಬರಬಹುದು. ಅಧಿಕಾರಿಗಳ ಭಯವಿರುವವರಿಗೆ ಇದು ದೊಡ್ಡ ಸಮಾಧಾನ. ಆದರೆ ಬೆಂಗಳೂರಿನಿಂದ ಅಬುಧಾಬಿ ನಾಲ್ಕು ಗಂಟೆಯಷ್ಟೇ. ಅಲ್ಲಿಂದ ಷಿಕಾಗೋಗೆ ಹದಿನಾಲ್ಕು ಹದಿನೈದು ಗಂಟೆ ಒಂದೇ ಸಮನೆ ಕೂರಬೇಕು. ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮಾರ್ಗದಲ್ಲಾದರೆ ಪ್ರಯಾಣವು ಹೆಚ್ಚುಕಡಿಮೆ ಸಮಭಾಗವಾಗುತ್ತದೆ: ಸುಮಾರು ಹತ್ತು ಗಂಟೆ, ನಡುವೆ ವಿಶ್ರಾಂತಿ, ಮತ್ತೆ ಒಂಬತ್ತು ಗಂಟೆ. ಪತ್ರದಲ್ಲಿ ಹೇಳಿರುವ ತಾಯಿಯವರ ಮೊಣಕಾಲನ್ನು ನೆನೆದರೆ ನಮ್ಮ ಮನಸ್ಸು ಯುರೋಪಿನ ಕಡೆಗೇ ವಾಲುತ್ತದೆ. ದಾರಿ ತಪ್ಪುವ ಭಯಕ್ಕೆ ಪರಿಹಾರವಿದೆ, ಮುಂದೆ ಹೇಳುತ್ತೇವೆ. ಹದಿನೈದು ಗಂಟೆ ಮಡಿಸಿಟ್ಟ ಮೊಣಕಾಲಿಗೆ ಯಾರೂ ಪರಿಹಾರ ಕೊಡಲಾರರು. ಎಲ್ಲಿ ಬದಲಿಸಿದರೂ ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಒಂದೂಕಾಲು ಗಂಟೆಯಲ್ಲಿ ಓಡಿ ಹಿಡಿಯುವುದು ತರುಣರ ಕೆಲಸ.

ಮಾರ್ಗಕ್ಕೆ ತಕ್ಕಂತೆ ಎಚ್ಚರಿಕೆಗಳೂ ಬೇರೆ. ಭಾರತದ ಪಾಸ್‌ಪೋರ್ಟ್ ಉಳ್ಳವರು ಯುರೋಪಿನ ಕೆಲವು ನಿಲ್ದಾಣಗಳಲ್ಲಿ ವಿಮಾನ ಬದಲಿಸುವುದಕ್ಕೂ ಪ್ರತ್ಯೇಕ ವೀಸಾ ಪಡೆಯಬೇಕಾಗುವುದುಂಟು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ ಸಾಮಾನ್ಯವಾಗಿ ವಿನಾಯಿತಿಯಿದ್ದರೂ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ದೇಶದ ದೂತಾವಾಸದ ಪ್ರಕಟಣೆಯನ್ನು ನೋಡಿಯೇ ಹಣ ಕಟ್ಟಬೇಕು. ಕೊಲ್ಲಿಯ ಮೂಲಕ ಹೋಗುವ ತಾಯಂದಿರು ಬಾಣಂತಿಗೆಂದು ಗಸಗಸೆ ಕಟ್ಟಿಕೊಳ್ಳಬಾರದು. ನಮ್ಮಲ್ಲಿ ಪಾಯಸವಾಗುವ ಗಸಗಸೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸೌದಿ ಅರೇಬಿಯಾದಲ್ಲಿಯೂ ನಿಷಿದ್ಧ ಮಾದಕ ವಸ್ತು. ತಿಳಿಯದೆ ತಂದೆನೆಂದರೆ ಅಲ್ಲಿ ಕೇಳುವವರಿಲ್ಲ.

ಟಿಕೆಟ್ ಒಂದೇ ಆಗಿರಬೇಕು. ಬೆಂಗಳೂರಿನಿಂದ ಒಂದು ಊರಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಸಂಸ್ಥೆಯ ಬೇರೊಂದು ಟಿಕೆಟ್ ಎಂದು ಜೋಡಿಸಿದರೆ ಹಣ ಉಳಿಯುವುದುಂಟು. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆ ಹೊಣೆ ಹೊರುವುದಿಲ್ಲ. ಪೆಟ್ಟಿಗೆಯನ್ನು ಹೊರಗೆ ತಂದು ಮತ್ತೆ ಒಪ್ಪಿಸಬೇಕಾದರೆ ಆ ದೇಶವನ್ನು ಪ್ರವೇಶಿಸುವ ವೀಸಾ ಬೇಕಾಗುತ್ತದೆ. ನಮ್ಮ ಪರಿಚಯದ ದಂಪತಿಗಳೊಬ್ಬರು ಹೀಗೆ ಪರದೇಶದ ನಿಲ್ದಾಣದಲ್ಲಿ ಇಪ್ಪತ್ತೆರಡು ಗಂಟೆ ಕುರ್ಚಿಯ ಮೇಲೆಯೇ ಕಳೆದರು. ಮಗ ಉಳಿಸಿದ್ದ ಹಣಕ್ಕಿಂತ ಹೊಸ ಟಿಕೆಟ್ಟಿಗೆ ತೆತ್ತದ್ದೇ ಹೆಚ್ಚು. 2025ರ ಜೂನ್ 23ರಂದು ಕತಾರ್ ದೇಶವು ತನ್ನ ಆಕಾಶವನ್ನು ಕೆಲವು ಗಂಟೆಗಳ ಕಾಲ ಮುಚ್ಚಿದಾಗ ಎಷ್ಟೋ ವಿಮಾನಗಳು ದಿಕ್ಕು ಬದಲಿಸಬೇಕಾಯಿತು. ಇಂಥ ಗಳಿಗೆಯಲ್ಲಿ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಇದ್ದವರನ್ನು ಗುರಿ ಮುಟ್ಟಿಸುವ ಭಾರ ಸಂಸ್ಥೆಯ ಮೇಲಿರುತ್ತದೆ.

ಒಂದೇ ಟಿಕೆಟ್ಟಿನಲ್ಲಿಯೂ ಎರಡನೆಯ ವಿಮಾನ ಇನ್ನೊಂದು ಸಂಸ್ಥೆಯದಾಗಿರಬಹುದು. ಲುಫ್ತಾನ್ಸಾ ಹೆಸರಿನ ಟಿಕೆಟ್ಟಿನಲ್ಲಿ ಮುಂದಿನ ವಿಮಾನ ಯುನೈಟೆಡ್‌ನದೂ, ಕೆಎಲ್‌ಎಂ ಹೆಸರಿನದರಲ್ಲಿ ಡೆಲ್ಟಾದೂ ಆಗಿರುವುದು ಸಾಮಾನ್ಯ. ಇದು ದೋಷವಲ್ಲ, ಆದರೆ ಹಾರಿಸುವವರು ಯಾರೆಂಬುದನ್ನು ಟಿಕೆಟ್ಟಿನಲ್ಲಿ ಓದಿ, ಊಟ, ಗಾಲಿಕುರ್ಚಿಗಳ ಕೋರಿಕೆ ಅವರಿಗೂ ಮುಟ್ಟಿದೆಯೇ ಎಂದು ಕೇಳಬೇಕು. ಸಂಸ್ಥೆಯ ಸ್ಥಿರತೆಯನ್ನೂ ಗಮನಿಸಬೇಕು. 2012ರಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಮುಂಗಡ ಹಣ ಕಟ್ಟಿದವರು ಪಟ್ಟ ಪಾಡನ್ನು ಮರೆಯಲಾಗದು.

ಸುರಕ್ಷತೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ಮೇಲೇರಿದ ಕ್ಷಣದಲ್ಲಿಯೇ ಬಿದ್ದು, ಒಳಗಿದ್ದ 242 ಜನರಲ್ಲಿ ಒಬ್ಬರೇ ಬದುಕುಳಿದರು. ಅಂದಿನಿಂದ ಬೀಳದ ವಿಮಾನ ಯಾವುದೆಂದು ಹುಡುಕುವವರು ಹೆಚ್ಚಾಗಿದ್ದಾರೆ. ಸುರಕ್ಷತೆಯ ಮಟ್ಟ ಮುಟ್ಟದ ಸಂಸ್ಥೆಗಳ ಪಟ್ಟಿಯನ್ನು ಐರೋಪ್ಯ ಒಕ್ಕೂಟವು 2006ರಿಂದ ಪ್ರಕಟಿಸುತ್ತಿದೆ. ಆ ಪಟ್ಟಿಯಲ್ಲಿ ಇರುವವನ್ನು ಬಿಡೋಣ. ಉಳಿದ ದೊಡ್ಡ ಸಂಸ್ಥೆಗಳಲ್ಲಿ ಇದಕ್ಕಿಂತ ಅದು ಕ್ಷೇಮವೆಂದು ಒಬ್ಬ ಪ್ರಯಾಣಿಕ ತೂಗಿ ನೋಡುವುದು ಸಾಧ್ಯವಿಲ್ಲ. ದಾವಣಗೆರೆಯಿಂದ ದೇವನಹಳ್ಳಿಗೆ ಹೆದ್ದಾರಿಯಲ್ಲಿ ಬರುವಾಗ ಕಾರು ನಡೆಸುವವನು ನಿದ್ದೆಗೆಟ್ಟಿಲ್ಲವಷ್ಟೆ ಎಂದು ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ನಮ್ಮ ಮನೆಗಳಿಗೆ ಮುಖ್ಯವಾದ ಆಹಾರದ ಮಾತಿಗೆ ಬರೋಣ. ಟಿಕೆಟ್ ಕೊಳ್ಳುವಾಗ ಊಟದ ಬಗೆ ಆರಿಸುವ ಅವಕಾಶವುಂಟು. ಹಾರುವುದಕ್ಕೆ 24 ಗಂಟೆಯಾದರೂ ಮುಂಚೆ ಅದು ದಾಖಲಾಗಿರಬೇಕು. ಅಲ್ಲಿ 'ಹಿಂದೂ ಊಟ' ಎಂಬುದನ್ನು ಕಂಡು ನಮ್ಮವರು ಸಂತೋಷದಿಂದ ಗುರುತು ಹಾಕುತ್ತಾರೆ. ಅದು ಸಸ್ಯಾಹಾರವಲ್ಲ! ಎಚ್‌ಎನ್‌ಎಂಎಲ್ ಎಂಬ ಸಂಕೇತದ ಆ ಊಟದಲ್ಲಿ ದನದ ಮಾಂಸವಿರುವುದಿಲ್ಲವೆಂಬುದಷ್ಟೇ ಅರ್ಥ. ಕೋಳಿ, ಕುರಿ, ಮೀನು ಇರಬಹುದು. ವಿಎಲ್‌ಎಂಎಲ್ ಎಂಬುದು ಹಾಲಿನ ಜೊತೆಗೆ ಮೊಟ್ಟೆಯೂ ಸೇರಬಹುದಾದ ಪಾಶ್ಚಾತ್ಯ ಸಸ್ಯಾಹಾರ. ನಮಗೆ ಬೇಕಾದುದು ಎವಿಎಂಎಲ್, ಎಂದರೆ ಏಷ್ಯಾದ ಸಸ್ಯಾಹಾರ. ಅನ್ನ, ಬೇಳೆ, ಪಲ್ಯಗಳ ಹದದಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ. ಈರುಳ್ಳಿ ಬೆಳ್ಳುಳ್ಳಿಯೂ ಬೇಡವೆನ್ನುವವರು ಜೈನರ ಊಟವಾದ ವಿಜೆಎಂಎಲ್ ಬರೆಸಬಹುದು. ಎರಡೂ ವಿಮಾನಗಳಿಗೆ ಬರೆಸಿದೆಯೇ ಎಂದು ನೋಡಿರಿ. ಬುತ್ತಿಯ ಜೋಳದ ಕಟಕ ರೊಟ್ಟಿಯನ್ನು ಯಾರೂ ತಡೆಯುವುದಿಲ್ಲ. ಆದರೆ ಇಳಿಯುವ ಮುನ್ನ ಉಣ್ಣುವುದು ಒಳಿತು. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಒಯ್ಯುವುದಕ್ಕೆ 2018ರಿಂದ ನಿರ್ಬಂಧವಿದೆ. ಚಟ್ನಿಪುಡಿಯ ಡಬ್ಬಿ ದೊಡ್ಡ ಪೆಟ್ಟಿಗೆಯೊಳಗೆ ಹೋಗಲಿ. ಸಕ್ಕರೆ ಕಾಯಿಲೆಯ ಔಷಧಿ, ಇನ್ಸುಲಿನ್, ವೈದ್ಯರ ಚೀಟಿ ಮಾತ್ರ ಕೈಚೀಲದಲ್ಲಿಯೇ ಇರಬೇಕು.

ಗಾಲಿಕುರ್ಚಿಯ ಸೇವೆ ಉಚಿತ. ಟಿಕೆಟ್ ಕೊಳ್ಳುವಾಗಲೇ, ತಪ್ಪಿದರೆ 48 ಗಂಟೆಯಾದರೂ ಮುಂಚೆ, ಕೇಳಿಕೊಂಡರೆ ನಿಲ್ದಾಣದ ಸಿಬ್ಬಂದಿಯೇ ಕೂರಿಸಿಕೊಂಡು ತಪಾಸಣೆಗಳನ್ನು ದಾಟಿಸಿ ಮುಂದಿನ ವಿಮಾನದ ಬಾಗಿಲಿಗೆ ಬಿಡುತ್ತಾರೆ. ದಾರಿ ತಪ್ಪುವ ಭಯಕ್ಕೆ ಪರಿಹಾರವೆಂದು ನಾವು ಹೇಳಿದ್ದು ಇದನ್ನೇ. "ನಡೆಯಬಲ್ಲವಳು ಕುರ್ಚಿಯಲ್ಲಿ ಕೂತರೆ ನೋಡಿದವರು ಏನಂದಾರು?" ಎಂದು ಸಂಕೋಚಪಡುವ ತಾಯಂದಿರಿದ್ದಾರೆ. ಮೊಣಕಾಲು ನೋಯುವವರಿಗಾಗಿಯೇ ಇರುವ ಸೌಕರ್ಯವಿದು. ಭಾಷೆ ಬಾರದೆಂಬ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದವರು ಕುರ್ಚಿ ಹಿಡಿಯುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ನಿಜವಾಗಿ ನಡೆಯಲಾರದವರು ಅದರಿಂದ ಕಾಯಬೇಕಾಗುತ್ತದೆ.

ಇಷ್ಟಲಿಂಗದ ಬಗ್ಗೆಯೂ ಕೆಲವರು ಕೇಳಿದ್ದಾರೆ. ಬೆಳ್ಳಿಯ ಕರಡಿಗೆ ಧರಿಸಿ ಲೋಹಶೋಧಕದಲ್ಲಿ ನಡೆದರೆ ಅದು ಸದ್ದು ಮಾಡಬಹುದು. ಭದ್ರತಾ ಸಿಬ್ಬಂದಿಗೆ ಮೊದಲೇ ತಿಳಿಸಿ, ಮರೆಯಲ್ಲಿ ಪರೀಕ್ಷಿಸಿರೆಂದು ವಿನಯದಿಂದ ಕೇಳಬಹುದು. ಪ್ರಯಾಣದ ಮಟ್ಟಿಗೆ ಕರಡಿಗೆಯನ್ನು ಬಿಟ್ಟು ವಸ್ತ್ರದಲ್ಲಿ ಕಟ್ಟಿ ಧರಿಸುವುದು ಇನ್ನೂ ಸರಳ. ಹಗಲು ರಾತ್ರಿಗಳೇ ಅದಲುಬದಲಾಗುವ ಪ್ರಯಾಣದಲ್ಲಿ ಪೂಜೆಯ ವೇಳೆ ಯಾವುದೆಂಬ ಚಿಂತೆ ಬೇಡ. ನಡುವಿನ ನಿಲ್ದಾಣದಲ್ಲಿ ಕೈಕಾಲು ಮುಖ ತೊಳೆದು ಅಂಗೈಯಲ್ಲಿ ಲಿಂಗವಿರಿಸಿಕೊಂಡರೆ ಅದೇ ವೇಳೆ. ಬೆಂಕಿಪೊಟ್ಟಣ ಮಾತ್ರ ಯಾವ ಚೀಲದಲ್ಲಿಯೂ ಇರಕೂಡದು.

ಕೊನೆಯದಾಗಿ ದಿನಾಂಕ. ಬೆಂಗಳೂರಿನಿಂದ ಹೊರಡುವ ದೂರದ ವಿಮಾನಗಳಲ್ಲಿ ಅನೇಕವು ಮಧ್ಯರಾತ್ರಿ ಕಳೆದ ಮೇಲೆ ಹಾರುತ್ತವೆ. ಟಿಕೆಟ್ಟಿನಲ್ಲಿ ಸೋಮವಾರ 2 ಗಂಟೆ ಎಂದಿದ್ದರೆ ಅದು ಭಾನುವಾರ ರಾತ್ರಿ ಮಲಗುವ ಹೊತ್ತು ಕಳೆದ ಎರಡು ಗಂಟೆ. ಸೋಮವಾರ ರಾತ್ರಿ ಬಂದು, ವಿಮಾನ ಹಿಂದಿನ ರಾತ್ರಿಯೇ ಹೋಯಿತೆಂದು ತಿಳಿದು ಮರಳಿದವರುಂಟು. ದಾವಣಗೆರೆಯವರು ಭಾನುವಾರ ಮಧ್ಯಾಹ್ನದ ಪ್ರಸಾದ ಮುಗಿಸಿ, ಮೂರು ಗಂಟೆಗೆ ಮನೆ ಬಿಟ್ಟರೆ, ದಾರಿಯಲ್ಲಿ ಚಹಾಕ್ಕೆ ನಿಂತರೂ ವೇಳೆಗೆ ಸರಿಯಾಗಿ ದೇವನಹಳ್ಳಿ ಸೇರಬಹುದು.