ಡಾಕ್ಟರು ಮೂರೇ ತಿಂಗಳು, ಮಗು ಮಾತ್ರ ನಮ್ಮೂರಲ್ಲೇ!

"ಅಯ್ಯೋ, ಅವರಿನ್ನೂ ಕಲೀತಿರೋ ಡಾಕ್ಟರಂತೆ! ನಮ್ಮ ಮಗೂನ ಅವರ ಕೈಗೆ ಕೊಡೋದಾ?"

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಸುಳ್ಳೇಕೆ, ನಾನೂ ಆಡಿದ್ದೇನೆ. ಆದರೆ ಗೆಳತಿಯರೇ, ಈ 'ಕಲೀತಿರೋ ಡಾಕ್ಟರು' ಎಂ.ಬಿ.ಬಿ.ಎಸ್. ಮುಗಿಸಿದವರು. ಮಕ್ಕಳ ತಜ್ಞರಾಗಲು ಮೂರು ವರ್ಷದ ಎಂ.ಡಿ. ಓದುತ್ತಿರುವವರು. ಹಿರಿಯ ವೈದ್ಯರ ಕಣ್ಗಾವಲಿನಲ್ಲೇ ಕೆಲಸ ಮಾಡುವವರು. ಈಗ ಇವರು ದೊಡ್ಡ ಊರಿನ ಆಸ್ಪತ್ರೆ ಬಿಟ್ಟು ಜಿಲ್ಲೆಗಳಿಗೂ ಬರಬೇಕಾಗಿದೆ. ಅದರಿಂದ ನಮಗೇನು ಲಾಭ, ಎಲ್ಲಿ ಎಡವುತ್ತೇವೆ ಅಂತ ನೋಡೋಣ.

2020ರ ಸೆಪ್ಟೆಂಬರಿನಲ್ಲಿ ಹೊಸ ನಿಯಮವೊಂದು ಬಂತು. 2021ರಲ್ಲಿ ಸೇರಿದವರಿಂದ ಹಿಡಿದು ಎಂ.ಡಿ., ಎಂ.ಎಸ್. ಓದುವ ವೈದ್ಯರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆ ಅಥವಾ ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕು. ಇದಕ್ಕೆ 'ಜಿಲ್ಲಾ ರೆಸಿಡೆನ್ಸಿ' ಅಂತ ಹೆಸರು. 2023ರ ನಿಯಮದಲ್ಲೂ ಇದು ಮುಂದುವರಿದಿದೆ. ರೋಗಿಗಳನ್ನು ನೋಡುವುದರ ಜೊತೆಗೆ, ಆರೋಗ್ಯ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ಜಾರಿಯಾಗುತ್ತವೆ ಅಂತ ಕಲಿಯುವುದೂ ಇದರ ಉದ್ದೇಶ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತರಬೇತಿಯಲ್ಲಿರುವ ವೈದ್ಯರೇ ಊರಿನವರ ಜೊತೆ ಸೇರಿ ಮಕ್ಕಳ ಆರೋಗ್ಯ ಯೋಜನೆ ನಡೆಸಲು ಸಣ್ಣ ಅನುದಾನ ಕೊಡುತ್ತದೆ.

ಇಂಥ ಕೆಲಸ ನಮಗೆ ಹೊಸದೇನಲ್ಲ. ನಮ್ಮ ಪೊನ್ನಂಪೇಟೆಯಿಂದ ಕುಟ್ಟದ ಕಡೆ ಹೊರಟರೆ ನಾಗರಹೊಳೆ ಕಾಡು. ಆ ಕಾಡಿನ ಆಚೆ ಹೆಗ್ಗಡದೇವನಕೋಟೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. 1987ರಲ್ಲಿ ಕೋಟೆಯ ಬ್ರಹ್ಮಗಿರಿ ಹಾಡಿಯಲ್ಲಿ ಚಿಕಿತ್ಸೆ ಶುರುಮಾಡಿದರು. ಮುಂದೆ ಹೊಸಹಳ್ಳಿಯಲ್ಲಿ ಹಾಡಿ ಮಕ್ಕಳಿಗೆ ಶಾಲೆ, ಸರಗೂರಿನಲ್ಲಿ ಆಸ್ಪತ್ರೆ ಎದ್ದವು. ಅವರು ಮಕ್ಕಳ ತಜ್ಞರಾಗಲು ಹೊರಟವರಲ್ಲ, ನಿಜ. ಆದರೆ ಕಲಿಯುವ ವಯಸ್ಸಿನ ಡಾಕ್ಟರುಗಳೇ ಮುಂದೆ ನಿಂತು ಮಾಡಿದ ಕೆಲಸ ಅದು. ಅದು ಫಲ ಕೊಟ್ಟದ್ದು ಅವರು ವರ್ಷಗಟ್ಟಲೆ ಅಲ್ಲೇ ಉಳಿದದ್ದರಿಂದ.

ಈಗಿನವರಿಗೆ ಸಿಗುವುದು ಮೂರೇ ತಿಂಗಳು. ಊರಿನ ದಾರಿ ಗೊತ್ತಾಗುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ವಾರ್ಡಿನಲ್ಲಿ ಸಿಕ್ಕ ಹೆಚ್ಚುವರಿ ಕೈ ಅಂತಷ್ಟೇ ಅವರನ್ನು ಬಳಸಿಕೊಂಡರಂತೂ ಹಾಡಿ, ಲೈನ್ ಮನೆಗಳ ಮುಖ ನೋಡುವುದು ಯಾವಾಗ? ಅವರು ಶುರುಮಾಡಿದ್ದನ್ನು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ನಾವು ಮುಂದುವರಿಸಿದರೆ ಮಾತ್ರ ಉಳಿದೀತು.

'ನಾವು' ಅಂದದ್ದಕ್ಕೆ ಕಾರಣವಿದೆ. ಕಳೆದ ಕಾಫಿ ಕೊಯ್ಲಿನಲ್ಲಿ ನಮ್ಮ ಲೈನ್ ಮನೆಯ ತಾಯಿಯೊಬ್ಬಳು ಅಡುಗೆಮನೆ ಬಾಗಿಲಿಗೆ ಬಂದು, "ಅಕ್ಕಾ, ಇವತ್ತು ಅಂಗನವಾಡಿಗೆ ಡಾಕ್ಟರು ಬರ್ತಾರಂತೆ, ಮಗೂನ ತೋರಿಸಿ ಬರ್ಲಾ?" ಅಂದಳು. ಹಣ್ಣು ಉದುರುತ್ತಿತ್ತು, ಆಳು ಕಮ್ಮಿ. "ಮುಂದಿನ ವಾರ ಹೋಗು" ಅಂದುಬಿಟ್ಟೆ. ಮುಂದಿನ ವಾರ ಡಾಕ್ಟರು ಇರಲಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರಬೇಕಿರುವುದು ವರ್ಷಕ್ಕೆ ಎರಡೇ ಸಲ ಅಂತ ನನಗೆ ಆಮೇಲೆ ತಿಳಿಯಿತು. ತಿಂಗಳ ನಂತರ ಆಶಾ ಕಾರ್ಯಕರ್ತೆ ಟೇಪು ಸುತ್ತಿ ನೋಡಿದರೆ ಮಗುವಿನ ತೋಳು ಹಳದಿ ಗೆರೆಯಲ್ಲಿತ್ತು. ಆ ತಿಂಗಳು ಕಳೆದದ್ದು ನನ್ನಿಂದ.

ಹಾಗಾಗಿ ನಾನು ಕಲಿತ ಪಾಠ ನಿಮಗೂ ಹೇಳುತ್ತೇನೆ.

• ತಪಾಸಣೆಗೆ ಹೋಗುವಾಗ ತಾಯಿ ಕಾರ್ಡ್ ಮರೀಬೇಡಿ. ತೂಕ, ಎತ್ತರ ಬರೆಸಿಕೊಂಡೇ ಬನ್ನಿ. ಡಾಕ್ಟರು ಬದಲಾದರೂ ಕಾರ್ಡು ಮಾತಾಡುತ್ತದೆ.

• ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ತೋಳಿನ ಟೇಪು ಸುತ್ತಿದಾಗ ಬಣ್ಣ ಯಾವುದು ಅಂತ ಕೇಳಿ. 12.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಹಳದಿ. ಮಗು ಸೊರಗುತ್ತಿದೆ ಎಂದರ್ಥ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಎರಡೂ ಪಾದ ಊದಿಕೊಂಡಿದ್ದರೆ ಬಣ್ಣ ಯಾವುದೇ ಇರಲಿ, ತಡ ಮಾಡಬೇಡಿ.

• "ಡಾಕ್ಟ್ರೇ, ನೀವು ಹೋದ ಮೇಲೆ ಇವನನ್ನು ಯಾರು ನೋಡ್ತಾರೆ?" ಅಂತ ಸಂಕೋಚವಿಲ್ಲದೆ ಕೇಳಿ. ಆ ಹೆಸರನ್ನೂ ಮುಂದಿನ ದಿನಾಂಕವನ್ನೂ ಕಾರ್ಡಿನಲ್ಲಿ ಬರೆಸಿ.

• ಬೆಳಗ್ಗೆ ಹತ್ತು ಗಂಟೆಗೆ ಶಿಬಿರ ಇಟ್ಟರೆ ತೋಟಕ್ಕೆ ಹೋದ ತಾಯಿ ಬರಲಾರಳು. ಕೆಲಸ ಬಿಟ್ಟ ಮೇಲೆ, ಲೈನ್ ಮನೆಯ ಹತ್ತಿರವೇ ನಡೆಸಿ ಅಂತ ಆಶಾ ಕಾರ್ಯಕರ್ತೆಗೆ, ಪಂಚಾಯಿತಿಗೆ ಹೇಳಿ. ಹೊಸದಾಗಿ ಬಂದ ಡಾಕ್ಟರಿಗೆ ನಮ್ಮೂರಿನ ಕೆಲಸದ ಹೊತ್ತು ತಿಳಿಸಬೇಕಾದವರು ನಾವೇ.

• ತೋಟವಿರುವ ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ತಪಾಸಣೆಯ ದಿನ ತಾಯಿಗೆ ಅರ್ಧ ದಿನ ಬಿಡುವು ಕೊಡಿ, ಕೂಲಿ ಮುರಿಯಬೇಡಿ. ಮಡಿಕೇರಿ ನಮ್ಮಿಂದ ಸುಮಾರು 50 ಕಿ.ಮೀ. ಅಲ್ಲಿಗೆ ಮಗುವನ್ನು ತೋರಿಸಲು ಹೋದರೆ ಅವಳ ಒಂದು ದಿನದ ದುಡಿಮೆಯೇ ಹೋಗುತ್ತದೆ. ಡಾಕ್ಟರು ಅಂಗನವಾಡಿಗೇ ಬಂದ ದಿನವೂ ನಾವು ತಡೆದರೆ ಅವಳು ಎಲ್ಲಿಗೆ ಹೋಗಬೇಕು?

ಮೂರು ತಿಂಗಳ ಡಾಕ್ಟರು ಪವಾಡ ಮಾಡುವುದಿಲ್ಲ. ಆದರೆ ಸೊರಗುತ್ತಿರುವ ಮಗುವನ್ನು ಗುರುತಿಸಿ ಕೊಡಬಲ್ಲರು. ಅದನ್ನು ಕೈಬಿಡದೆ ನೋಡಿಕೊಳ್ಳುವ ಕೆಲಸ ಊರಿನದು. ನಮ್ಮ ಮನೆಯಲ್ಲಂತೂ ಮುಂದಿನ ತಪಾಸಣೆಯ ದಿನಕ್ಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ?