ಷೇರು ಅಳೆಯುವ ಸೇರು

ಕೊಳ್ಳುವುದಕ್ಕೊಂದು ಸೇರು, ಮಾರುವುದಕ್ಕೊಂದು ಸೇರು ಇಟ್ಟುಕೊಂಡಿದ್ದ ವರ್ತಕನನ್ನು ನಮ್ಮ ಹಿರಿಯರು ಏನೆಂದು ಕರೆಯುತ್ತಿದ್ದರೆಂಬುದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಸೇರು ಪಾವುಗಳ ಕಾಲ ಹೋಯಿತು, ಕಿಲೋ ಬಂದಿತು. ಕಾನೂನು ಮಾಪನ ಇಲಾಖೆಯವರು ತಕ್ಕಡಿ ಬಟ್ಟುಗಳಿಗೆ ಮುದ್ರೆಯೊತ್ತುತ್ತಾರೆ. ಆದರೆ ಎರಡು ಸೇರಿನ ವ್ಯವಹಾರ ಮಾತ್ರ ನಿಂತಿಲ್ಲ. ಅದು ದಿನಸಿ ಅಂಗಡಿಯಿಂದ ಎದ್ದು ಷೇರುಪೇಟೆಯ ಮಾತಿನಲ್ಲಿ ಬಂದು ಕುಳಿತಿದೆ. ಇದೇ ನನ್ನ ಆಪಾದನೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನಾಲ್ಕು ಜನ ಹೋಟೆಲಿನಲ್ಲಿ ಕೂಡಿದರೆ ಹಿಂದೆ ಬರುತ್ತಿದ್ದ ಮಾತು ಮೂರೇ: ಮಳೆ, ಬೋರ್‌ವೆಲ್ಲಿನ ಆಳ, ಟೊಮೆಟೊ ದರ. ಈಗ ನಾಲ್ಕನೆಯದೊಂದು ಸೇರಿದೆ. ೨೦೨೦ರ ಮಾರ್ಚಿನಲ್ಲಿ ದೇಶದಲ್ಲಿ ಸುಮಾರು ೪ ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು ೨೦೨೫ರ ಮಾರ್ಚ್ ಹೊತ್ತಿಗೆ ೧೯ ಕೋಟಿಯನ್ನು ದಾಟಿದುವೆಂದ ಮೇಲೆ, ನಮ್ಮ ಊರುಗಳು ಹಿಂದುಳಿದಾವೆಯೆ? ನಿವೃತ್ತಿಯ ಹಣ ಅಲ್ಲಿಗೆ ಹೋಗುತ್ತಿದೆ. ಮಾಲೂರು, ನರಸಾಪುರ, ವೇಮಗಲ್ಲುಗಳ ಕಡೆ ಕೈಗಾರಿಕೆಗೆಂದು ಜಮೀನು ಬಿಟ್ಟುಕೊಟ್ಟವರ ಪರಿಹಾರದ ಹಣವೂ ಹೋಗುತ್ತಿದೆ. ಈ ಹಣವನ್ನು ಕರೆಯುವವರ ಬಾಯಲ್ಲಿ ಒಂದೇ ಮಂತ್ರ: “ನಮ್ಮ ಮೊಮೆಂಟಮ್ ಪೋರ್ಟ್‌ಫೋಲಿಯೊ ನಿಫ್ಟಿಯನ್ನು ಸೋಲಿಸಿತು.”

ನಾನು ಲೆಕ್ಕದ ಮೇಷ್ಟರಾಗಿ ಬಾಳು ಸವೆಸಿದವನು. ‘ಸೋಲಿಸಿತು’ ಎಂಬ ಮಾತು ಕಿವಿಗೆ ಬಿದ್ದೊಡನೆ, ಯಾವ ಮೈದಾನದಲ್ಲಿ, ಯಾವ ಕಟ್ಟಳೆಯ ಮೇಲೆ ಎಂದು ಕೇಳದಿರಲು ನನ್ನಿಂದಾಗದು.

ಮೊದಲು ಈ ಮೊಮೆಂಟಮ್ ಎಂದರೇನೆಂಬುದನ್ನು ಹೇಳಿಬಿಡುತ್ತೇನೆ. ಕಳೆದ ಆರು ತಿಂಗಳಲ್ಲಿ ಅಥವಾ ಒಂದು ವರ್ಷದಲ್ಲಿ ಯಾವ ಷೇರುಗಳು ಹೆಚ್ಚಾಗಿ ಏರಿವೆಯೋ ಅವು ಇನ್ನೂ ಸ್ವಲ್ಪ ಕಾಲ ಏರುತ್ತವೆಂದು ನಂಬಿ ಅವನ್ನು ಕೊಳ್ಳುವುದು; ಓಟ ನಿಲ್ಲಿಸಿದುವನ್ನು ಮಾರಿ, ಓಡುತ್ತಿರುವುವನ್ನು ಹಿಡಿಯುವುದು. ಇದು ಕೇವಲ ಕುರುಡು ನಂಬಿಕೆಯೇನೂ ಅಲ್ಲ. ನರಸಿಂಹನ್ ಜಗದೀಶ್ ಮತ್ತು ಶೆರಿಡನ್ ಟಿಟ್ಮನ್ ಎಂಬ ವಿದ್ವಾಂಸರು ೧೯೯೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅಮೆರಿಕದ ಪೇಟೆಯ ೧೯೬೫ರಿಂದ ೧೯೮೯ರವರೆಗಿನ ಲೆಕ್ಕ ತೆಗೆದು, ಗೆದ್ದ ಷೇರುಗಳನ್ನು ಕೊಂಡು ಸೋತುವನ್ನು ಮಾರುವುದರಿಂದ ವರ್ಷಕ್ಕೆ ಸರಾಸರಿ ನೂರಕ್ಕೆ ೧೨ರಷ್ಟು ಹೆಚ್ಚುವರಿ ಫಲ ದೊರೆಯುತ್ತಿತ್ತೆಂದು ತೋರಿಸಿದರು. ನಮ್ಮ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನ ಸೂಚ್ಯಂಕ ಸಂಸ್ಥೆಯೂ ೨೦೨೦ರ ಆಗಸ್ಟಿನಲ್ಲಿ ‘ನಿಫ್ಟಿ ೨೦೦ ಮೊಮೆಂಟಮ್ ೩೦’ ಎಂಬ ಸೂಚ್ಯಂಕವನ್ನು ಹೊರತಂದಿತು. ಇನ್ನೂರು ಷೇರುಗಳಲ್ಲಿ ಓಟದಲ್ಲಿ ಮುಂದಿರುವ ಮೂವತ್ತನ್ನು ಆರಿಸಿ, ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಪಟ್ಟಿಯನ್ನು ಬದಲಿಸುವ ಏರ್ಪಾಡು ಅದು. ಆದುದರಿಂದ ನನ್ನ ಜಗಳ ಪದ್ಧತಿಯೊಡನೆ ಅಲ್ಲ, ಅಳತೆಯೊಡನೆ.

ಮೊದಲನೆಯ ಮೋಸ ಲಾಭಾಂಶದ್ದು. ಪತ್ರಿಕೆಯಲ್ಲಿ ದಿನವೂ ಅಚ್ಚಾಗುವ ನಿಫ್ಟಿ ಬರಿಯ ಬೆಲೆಯ ಅಂಕಿ. ಕಂಪನಿಗಳು ಷೇರುದಾರರಿಗೆ ಹಂಚುವ ಲಾಭಾಂಶ ಅದರಲ್ಲಿ ಸೇರಿಲ್ಲ; ಅದನ್ನು ಸೇರಿಸಿ ತೆಗೆದ ಒಟ್ಟು ಪ್ರತಿಫಲದ ಸೂಚ್ಯಂಕವೇ ಬೇರೆ. ನಮ್ಮ ವೀರರು ತಮ್ಮ ಕಡೆ ಲಾಭಾಂಶವನ್ನೂ ಸೇರಿಸಿಕೊಳ್ಳುತ್ತಾರೆ, ಎದುರಾಳಿಗೆ ಮಾತ್ರ ಬರಿಯ ಬೆಲೆಯ ಅಂಕಿಯನ್ನು ಹಿಡಿಯುತ್ತಾರೆ. ವರ್ಷಕ್ಕೆ ನೂರಕ್ಕೆ ಒಂದರಷ್ಟು ವ್ಯತ್ಯಾಸ ತಾನೆ ಎನ್ನಬೇಡಿ. ೧ ಲಕ್ಷ ರೂಪಾಯಿ ನೂರಕ್ಕೆ ೧೨ರಂತೆ ೨೦ ವರ್ಷ ಬೆಳೆದರೆ ೯.೬೫ ಲಕ್ಷವಾಗುತ್ತದೆ, ೧೩ರಂತೆ ಬೆಳೆದರೆ ೧೧.೫೨ ಲಕ್ಷ. ಮ್ಯೂಚುಯಲ್ ಫಂಡುಗಳು ಈ ಆಟ ಆಡಬಾರದೆಂದು ಸೆಬಿ ಸಂಸ್ಥೆ ೨೦೧೮ರ ಫೆಬ್ರವರಿ ೧ರಿಂದಲೇ ಕಟ್ಟುಮಾಡಿದೆ. ಅವು ಒಟ್ಟು ಪ್ರತಿಫಲದ ಸೂಚ್ಯಂಕದೊಡನೆಯೇ ತಮ್ಮನ್ನು ಹೋಲಿಸಿಕೊಳ್ಳಬೇಕು. ಹೋಟೆಲಿನ ಮೇಜಿಗೆ ಮಾತ್ರ ಈ ಕಟ್ಟಳೆ ಬಂದಿಲ್ಲ.

ಎರಡನೆಯದು ಎದುರಾಳಿಯ ಆಯ್ಕೆ. ಶ್ರೀನಿವಾಸಪುರದ ಮಂಡಿಯಲ್ಲಿ ಬಾದಾಮಿ ಮಾವನ್ನು ತಂದವನು, “ನನ್ನ ಹಣ್ಣಿಗೆ ತೋತಾಪುರಿಗಿಂತ ಹೆಚ್ಚು ಬೆಲೆ ಸಿಕ್ಕಿತು, ನಾನು ನಿಪುಣ” ಎಂದರೆ ಮಂಡಿಯವರು ನಕ್ಕಾರು. ಬಾದಾಮಿಯನ್ನು ಬಾದಾಮಿಯೊಡನೆ ಹೋಲಿಸು ಎಂದಾರು. ಮಧ್ಯಮ ಗಾತ್ರದ ಕಂಪನಿಗಳನ್ನೇ ಚೀಲ ತುಂಬಾ ತುಂಬಿಕೊಂಡು ಐವತ್ತು ದೊಡ್ಡ ಕಂಪನಿಗಳ ನಿಫ್ಟಿಯೊಡನೆ ಹೋಲಿಸಿಕೊಳ್ಳುವುದು ಈ ಜಾತಿಯದೇ ನೈಪುಣ್ಯ. ಇನ್ನೂರರಿಂದ ಆರಿಸಿದವನು ಇನ್ನೂರರ ಸೂಚ್ಯಂಕದೆದುರು ನಿಲ್ಲಲಿ. ಮಧ್ಯಮ ಕಂಪನಿಗಳಿಂದ ಆರಿಸಿದವನು ಮಧ್ಯಮ ಕಂಪನಿಗಳ ಸೂಚ್ಯಂಕದೆದುರು ನಿಲ್ಲಲಿ.

ಮೂರನೆಯದು ಖರ್ಚು. ಇದನ್ನು ಕೋಲಾರ ಜಿಲ್ಲೆಯವರಿಗೆ ವಿವರಿಸಬೇಕಾಗಿ ಬಂದುದೇ ನಾಚಿಕೆಯ ಸಂಗತಿ. ನಮ್ಮ ಚಿನ್ನದ ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುದು ನೆಲದೊಳಗೆ ಚಿನ್ನ ಮುಗಿದುಹೋಯಿತೆಂದಲ್ಲ. ತೆಗೆಯುವ ಖರ್ಚು, ತೆಗೆದುದರ ಬೆಲೆಯನ್ನು ಮೀರಿತೆಂದು. ಮೇಲೆ ಬಂದ ಚಿನ್ನವೆಷ್ಟು ಎಂಬುದಲ್ಲ, ಖರ್ಚು ಕಳೆದು ಉಳಿದುದೆಷ್ಟು ಎಂಬುದೇ ಪ್ರಶ್ನೆ. ಮೊಮೆಂಟಮ್ ಹಿಡಿದವನು ಪದೇ ಪದೇ ಕೊಳ್ಳಬೇಕು, ಪದೇ ಪದೇ ಮಾರಬೇಕು. ಪ್ರತಿ ಸಲವೂ ವಹಿವಾಟು ತೆರಿಗೆ ಉಂಟು. ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ ೨೦೨೪ರ ಜುಲೈ ೨೩ರಿಂದ ನೂರಕ್ಕೆ ೨೦ರಷ್ಟು ತೆರಿಗೆ. ವರ್ಷ ದಾಟಿದ ಮೇಲೆ ಮಾರಿದರೆ ೧.೨೫ ಲಕ್ಷದವರೆಗಿನ ಲಾಭ ಬಿಟ್ಟು ಉಳಿದುದಕ್ಕೆ ನೂರಕ್ಕೆ ೧೨.೫.

ಈಗ ಒಂದು ಲೆಕ್ಕ ಹಾಕೋಣ. ಒಬ್ಬರು ೧ ಲಕ್ಷ ರೂಪಾಯಿ ಹಾಕಿ ಸ್ವಂತವಾಗಿ ಮೊಮೆಂಟಮ್ ನಡೆಸಿ ವರ್ಷಕ್ಕೆ ನೂರಕ್ಕೆ ೧೫ ಗಳಿಸಿದರೆನ್ನಿ. ಇನ್ನೊಬ್ಬರು ಅಷ್ಟೇ ಹಣವನ್ನು ಸೂಚ್ಯಂಕದ ಫಂಡಿನಲ್ಲಿಟ್ಟು, ಮರೆತು ಮಲಗಿ, ೧೩ ಗಳಿಸಿದರೆನ್ನಿ. ಹತ್ತು ವರ್ಷಕ್ಕೆ ಕಾಗದದ ಮೇಲೆ ಮೊದಲನೆಯವರದು ೪.೦೫ ಲಕ್ಷ, ಎರಡನೆಯವರದು ೩.೩೯ ಲಕ್ಷ, ಗೆಲವು ಸ್ಪಷ್ಟ! ಆದರೆ ಮೊದಲನೆಯವರ ಲಾಭವೆಲ್ಲ ವರ್ಷದೊಳಗಿನ ಮಾರಾಟದಿಂದ ಬಂದುದಾದರೆ ವರ್ಷವರ್ಷವೂ ಐದರಲ್ಲೊಂದು ಪಾಲು ತೆರಿಗೆಗೆ ಹೋಗಿ ಉಳಿಯುವುದು ನೂರಕ್ಕೆ ೧೨; ಹತ್ತು ವರ್ಷಕ್ಕೆ ೩.೧೧ ಲಕ್ಷ. ಮಲಗಿದ್ದವರು ಕೊನೆಗೊಮ್ಮೆ ತೆರಿಗೆ ತೆತ್ತು ೩.೨೫ ಲಕ್ಷ ಒಯ್ಯುತ್ತಾರೆ. ವಹಿವಾಟಿನ ಖರ್ಚನ್ನು ನಾನಿನ್ನೂ ಹಿಡಿದಿಲ್ಲ. ಮೊಮೆಂಟಮ್ ಸೂಚ್ಯಂಕದ ಫಂಡನ್ನೇ ಕೊಂಡವರಿಗೆ, ಫಂಡಿನೊಳಗಿನ ಕೊಡು-ಕೊಳ್ಳುವಿಕೆಗೆ ಈ ತೆರಿಗೆ ತಗಲದೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಆದರೆ ಎದೆ ತಟ್ಟಿಕೊಳ್ಳುವವರಲ್ಲಿ ಹೆಚ್ಚಿನವರು ಸ್ವಂತ ಕೈಯಿಂದ ಆಡುವವರೇ.

ನಾಲ್ಕನೆಯದು ಎಲ್ಲಕ್ಕಿಂತ ನಯವಾದದ್ದು: ಎಣಿಕೆ ಎಂದು ಆರಂಭವಾಯಿತು, ಎಂದು ನಿಂತಿತು ಎಂಬುದು. ಮೊಮೆಂಟಮ್ ೩೦ ಸೂಚ್ಯಂಕದ ಅಂಕಿಗಳು ೨೦೦೫ರ ಏಪ್ರಿಲ್‌ನಿಂದ ಸಿಗುತ್ತವೆ. ಆದರೆ ಸೂಚ್ಯಂಕ ಹುಟ್ಟಿದುದು ೨೦೨೦ರಲ್ಲಿ. ಮೊದಲ ಹದಿನೈದು ವರ್ಷಗಳದು ಹಿಂದಿರುಗಿ ನೋಡಿ ಹಾಕಿದ ಲೆಕ್ಕ. ಆ ಸೂಚ್ಯಂಕವನ್ನು ನಂಬಿ ಆಗ ಒಂದು ರೂಪಾಯಿಯನ್ನೂ ಯಾರೂ ಹಾಕಿರಲಿಲ್ಲ. ಸಂಸ್ಥೆ ಇದನ್ನು ಮುಚ್ಚಿಟ್ಟಿಲ್ಲ; ಮುಚ್ಚಿಡುವವರು ಅದನ್ನು ತೋರಿಸಿ ಗಿರಾಕಿ ಹಿಡಿಯುವವರು. ನಮ್ಮ ಕೋಲಾರದ ಟೊಮೆಟೊ ಮಾರುಕಟ್ಟೆಯನ್ನೇ ನೋಡಿ. ೨೦೨೩ರ ಜುಲೈನಲ್ಲಿ ೧೫ ಕಿಲೋ ಕ್ರೇಟಿನ ಬೆಲೆ ೨೦೦೦ ರೂಪಾಯಿ ದಾಟಿತು. ಸೆಪ್ಟೆಂಬರ್ ಹೊತ್ತಿಗೆ ಕುಸಿದುಬಿದ್ದಿತ್ತು. ಜುಲೈಗೆ ಲೆಕ್ಕ ಮುಗಿಸಿದವನಿಗೆ ಟೊಮೆಟೊ ಚಿನ್ನ. ಏರುವ ಬೆಲೆಯ ಬೆನ್ನು ಹತ್ತಿ ಜುಲೈನಲ್ಲಿ ನಾಟಿ ಮಾಡಿದವನಿಗೆ? ಅವನ ಹೆಸರು ಯಾವ ಜಾಹೀರಾತಿನಲ್ಲೂ ಇಲ್ಲ.

ಇದೇ ಕಥೆ ಪೇಟೆಯಲ್ಲಿಯೂ ನಡೆಯಿತು. ೨೦೨೪ರ ಸೆಪ್ಟೆಂಬರಿನ ಶಿಖರದಿಂದ ೨೦೨೫ರ ಮಾರ್ಚ್ ಆರಂಭದ ವೇಳೆಗೆ ನಿಫ್ಟಿ ೫೦ ಇಳಿದುದು ನೂರಕ್ಕೆ ಸುಮಾರು ೧೬. ಮೊಮೆಂಟಮ್ ೩೦ ಇಳಿದುದು ೩೦ರ ಆಸುಪಾಸು. ಇದು ನಮ್ಮ ದೇಶದ ದುರ್ದೈವವೆಂದು ತಿಳಿಯಬೇಡಿ. ಅಮೆರಿಕದಲ್ಲಿ ೨೦೦೯ರ ಮಾರ್ಚಿನಿಂದ ಮೇವರೆಗೆ ಪೇಟೆ ಚೇತರಿಸಿಕೊಂಡಾಗ, ಅಲ್ಲಿಯವರೆಗೆ ತೀರ ಸೋತಿದ್ದ ಷೇರುಗಳು ನೂರಕ್ಕೆ ೧೬೩ ಏರಿದುವು. ಗೆದ್ದುವೆಂದು ಜನ ಅಪ್ಪಿಕೊಂಡಿದ್ದುವು ಏರಿದುದು ಕೇವಲ ೮. ಓಡುವವನ ಬೆನ್ನು ಹತ್ತಿದವನಿಗೆ, ಓಟ ತಿರುಗಿದಾಗ ಹಿಂದಿರುಗಿ ನೋಡಲೂ ಪುರಸತ್ತು ಇರುವುದಿಲ್ಲ.

ಮುಳಬಾಗಿಲಿನ ಮಿತ್ರರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು: “ಏನು ಮೇಷ್ಟ್ರೇ, ನೀವು ಕಳೆಯುವ ಲೆಕ್ಕವನ್ನೇ ಹಾಕುತ್ತೀರಲ್ಲ! ಬಹುಕಾಲದ ಲೆಕ್ಕದಲ್ಲಿ ಮೊಮೆಂಟಮ್ ಮುಂದಿರುವುದು ಸುಳ್ಳೆ?” ಸುಳ್ಳಲ್ಲ. ಸಂಸ್ಥೆಯ ಅಂಕಿಗಳಲ್ಲಿ ಅದು ಮುಂದೆಯೇ ಇದೆ. ಆದರೆ ಬಹುಕಾಲದ ಫಲ ಬಹುಕಾಲ ಕುಳಿತವರಿಗೆ. ನೂರಕ್ಕೆ ೩೦ ಕಳೆದುಕೊಂಡವರು ಮೊದಲಿನ ಸ್ಥಿತಿಗೆ ಬರಬೇಕಾದರೆ ನೂರಕ್ಕೆ ಸುಮಾರು ೪೩ ಗಳಿಸಬೇಕು. ತಾತನ ಕಾಲದ ಎರಡು ಎಕರೆ ಮಾರಿದ ಹಣ ಹಾಕಿದ ಮನೆಯಲ್ಲಿ, ಅದೇ ವರ್ಷ ಮಗಳ ಮದುವೆ ಗೊತ್ತಾದರೆ ಸೂಚ್ಯಂಕ ಚೇತರಿಸಿಕೊಳ್ಳುವವರೆಗೆ ಛತ್ರದವರು ಕಾಯುತ್ತಾರೆಯೆ? ಸೂಚ್ಯಂಕಕ್ಕೆ ಹಸಿವಿಲ್ಲ, ಕಾಯಿಲೆಯಿಲ್ಲ. ಮನುಷ್ಯನಿಗೆ ಎರಡೂ ಉಂಟು. ಆದುದರಿಂದ ಎಷ್ಟು ಏರಿತೆಂಬುದರ ಪಕ್ಕದಲ್ಲಿಯೇ ಎಷ್ಟು ಬಿದ್ದಿತ್ತೆಂಬುದನ್ನೂ ಬರೆಯದ ಲೆಕ್ಕ ಅರ್ಧ ಲೆಕ್ಕ. ಅರ್ಧ ಲೆಕ್ಕಕ್ಕೆ ನಾನು ತರಗತಿಯಲ್ಲಿ ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಅದೇ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಸಾರ್ವಜನಿಕ ವಿಷಯಗಳನ್ನು ಜನ ತಾವೇ ಅಭ್ಯಾಸಮಾಡಿ ವಿಮರ್ಶಿಸಬೇಕೆಂದು ೧೯೪೫ರಲ್ಲಿ ಗೋಖಲೆ ಸಂಸ್ಥೆಯನ್ನು ಕಟ್ಟಿದರು. ಇಂದು ಉಳಿತಾಯದ ಹಣಕ್ಕಿಂತ ಸಾರ್ವಜನಿಕವಾದ ವಿಷಯ ಯಾವುದಿದೆ? ಸಾವಿರಾರು ಮನೆಗಳ ನೆಮ್ಮದಿ ಅದರ ಮೇಲೆ ನಿಂತಿದೆ. ವಾಚಕರಲ್ಲಿ ನನ್ನ ಬೇಡಿಕೆ ಇಷ್ಟೇ. ‘ಸೋಲಿಸಿತು’ ಎಂದು ಯಾರಾದರೂ ಹೇಳಿದರೆ ನಾಲ್ಕು ಪ್ರಶ್ನೆ ಕೇಳಿ. ಲಾಭಾಂಶ ಎರಡು ಕಡೆಯೂ ಸೇರಿದೆಯೆ? ಹೋಲಿಸಿದುದು ಸಮಾನರೊಡನೆಯೆ? ಖರ್ಚು, ತೆರಿಗೆ ಕಳೆದ ಮೇಲಿನ ಅಂಕಿಯೆ? ಎಂದಿನಿಂದ ಎಂದಿನವರೆಗೆ, ನಿಜವಾಗಿ ಹಣ ಹಾಕಿ ಗಳಿಸಿದುದೆ? ನಾಲ್ಕಕ್ಕೂ ನೆಟ್ಟಗೆ ಉತ್ತರ ಕೊಡುವವರಿದ್ದರೆ ಅವರಿಗೆ ನನ್ನ ನಮಸ್ಕಾರ. ಅಂಥವರ ಗೆಲವು ನಿಜವಾದ ಗೆಲವು. ಉತ್ತರಿಸಲು ತಡವರಿಸುವವರಿಗೆ ನಿಮ್ಮ ಹಣದ ಚೀಲವನ್ನು ಬಿಚ್ಚಬೇಡಿ. ತರಕಾರಿಯ ತಕ್ಕಡಿಗೆ ಮುದ್ರೆಯೊತ್ತಲು ಸರ್ಕಾರದ ಅಧಿಕಾರಿ ಇದ್ದಾರೆ. ಮಾತಿನ ತಕ್ಕಡಿಗೆ ಮುದ್ರೆಯೊತ್ತಬೇಕಾದವರು ಕೇಳುವವರೇ.