ಆಶಾ ಅಕ್ಕನ ಕೈಗೆ ಉತ್ತರ ಕೊಡಿ, ಊರು ನಂಬುತ್ತದೆ

ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಮಲೆನಾಡಿನಲ್ಲಿ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು, ನಾವು ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ಕೊಟ್ಟಿಗೆಗೂ ತೋಟಕ್ಕೂ ತರುವುದು. ಇನ್ನೊಂದು, ಆರೋಗ್ಯ ಇಲಾಖೆಯವರು ಮೈಗೆ ಹಚ್ಚುವ ಎಣ್ಣೆ ಹಿಡಿದು ಮನೆ ಮನೆಗೆ ಬರುವುದು. ಮಂಗನ ಕಾಯಿಲೆಯ ಕಾಲವೂ ಅದೇ. ನವೆಂಬರ್-ಡಿಸೆಂಬರಿಗೆ ಶುರುವಾದರೆ ಮಳೆ ಹಿಡಿಯುವವರೆಗೂ ಹೆದರಿಕೆ. ಜನವರಿಯಿಂದ ಮಾರ್ಚ್ ತನಕ ಹೆಚ್ಚು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದರು. ಕಾಡಿನ ಹೆಸರೇ ಕಾಯಿಲೆಗೆ ಬಂತು. ಅರವತ್ತೈದು ವರ್ಷ ದಾಟಿದರೂ ಇದಕ್ಕೆಂದೇ ಒಂದು ಔಷಧಿ ಇಲ್ಲ. ಬೇಗ ಗುರುತಿಸಿ, ಬೇಗ ಆಸ್ಪತ್ರೆ ಸೇರಿಸಿ, ರಕ್ತಸ್ರಾವ ಆಗದಂತೆ ನೋಡಿಕೊಳ್ಳುವುದೊಂದೇ ದಾರಿ. ಅಂದರೆ ಪ್ರಾಣ ಉಳಿಯುವುದು ಒಂದು ಸಣ್ಣ ಸಂಗತಿಯ ಮೇಲೆ ನಿಂತಿದೆ. ಜ್ವರ ಬಂದ ಎರಡನೇ ದಿನವೇ ರೋಗಿಯ ಮನೆಯವರು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೋ, ಇಲ್ಲ 'ನೋಡುವ' ಎಂದು ನಾಲ್ಕು ದಿನ ಮಾತ್ರೆ ನುಂಗಿಸಿ ಕೂರುತ್ತಾರೋ?

ಹೋಗುವುದು ಬಿಡುವುದು ನಂಬಿಕೆಯ ಪ್ರಶ್ನೆ. ಈ ನಂಬಿಕೆ ಎಲ್ಲಿ ಸೋರಿಹೋಯಿತು, ಅದನ್ನು ತುಂಬುವುದು ಯಾರು ಎನ್ನುವುದೇ ನನ್ನ ಈ ಬರಹದ ವಿಚಾರ.

ಚುಚ್ಚುಮದ್ದಿನ ಕಥೆ

ಈ ಕಾಯಿಲೆಗೆ 1990ರಿಂದ ಲಸಿಕೆ ಹಾಕುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಆರರಿಂದ ಒಂಬತ್ತು ತಿಂಗಳೊಳಗೆ ಒಂದು ಬೂಸ್ಟರ್. ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಕೊಯ್ಲಿನ ಕಾಲದಲ್ಲಿ ಕೈ ಎತ್ತಲಾಗದಿದ್ದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋಯಿತು. ಹಾಗಾಗಿ ಒಂದು ತೆಗೆದುಕೊಂಡವರು ಎರಡನೆಯದಕ್ಕೆ ಬರಲಿಲ್ಲ, ಎರಡು ತೆಗೆದುಕೊಂಡವರು ಬೂಸ್ಟರಿಗೆ ಬರಲಿಲ್ಲ.

2005ರಿಂದ 2010ರ ತನಕದ ಲೆಕ್ಕ ಹಿಡಿದು ಮಾಡಿದ ಒಂದು ಅಧ್ಯಯನದ ಪ್ರಕಾರ, ಎರಡು ಡೋಸಿಗೆ ಸುಮಾರು ಶೇ. 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ ಶೇ. 83ರಷ್ಟು. ಒಂದೇ ಡೋಸಿನಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಈ ಮೂರು ವಾಕ್ಯವನ್ನು ನಮ್ಮ ಊರಿನ ಯಾವ ಜಗಲಿಯಲ್ಲಿ, ಯಾವ ಗ್ರಾಮಸಭೆಯಲ್ಲಿ ಯಾರಾದರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ. 'ಲಸಿಕೆ ಹಾಕಿಸಿಕೊಳ್ಳಿ, ಕಾಯಿಲೆ ಬರೋದಿಲ್ಲ' ಎಂಬ ಮಾತು ಮಾತ್ರ ಕೇಳಿದ್ದು. ಹಾಕಿಸಿಕೊಂಡ ಒಬ್ಬನಿಗೆ ಜ್ವರ ಬಂದರೆ ಸಾಕು, ಇಡೀ ಕೇರಿಯ ನಂಬಿಕೆ ಬಿತ್ತು.

ಕೊಳೆರೋಗಕ್ಕೆ ನಾವು ಬೋರ್ಡೋ ಹೊಡೆಸುತ್ತೇವೆ. ಹೊಡೆಸಿದ ಮೇಲೂ ಕೆಲವು ವರ್ಷ ಕೊಳೆ ಬರುತ್ತದೆ. ಹಾಗಂತ ಬೋರ್ಡೋವೇ ಸುಳ್ಳು ಎಂದು ಯಾರೂ ಹೇಳುವುದಿಲ್ಲ. ಎರಡನೇ ಔಷಧಿ ತಡವಾಯಿತೇ, ಸುಣ್ಣ ಹಳತಾಗಿತ್ತೇ, ಹೊಡೆದ ಕೂಡಲೇ ಮಳೆ ಬಂತೇ ಎಂದು ಕಾರಣ ಹುಡುಕುತ್ತೇವೆ. ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ, ತಾಮ್ರದ ಬಣ್ಣ ಹಿಡಿಯಿತೋ ಇಲ್ಲವೋ ನೋಡುವ ಪರೀಕ್ಷೆ ನಮ್ಮ ಕೈಯಲ್ಲೇ ಇದೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎರಡೂ ಗೊತ್ತಿರುವುದರಿಂದ ಒಂದು ವರ್ಷದ ಸೋಲಿಗೆ ನಂಬಿಕೆ ಹೋಗುವುದಿಲ್ಲ. ಸೋಲುವ ಸಾಧ್ಯತೆಯನ್ನು ಮೊದಲೇ ಹೇಳಿದರೆ ಜನ ಹೆದರಿ ಓಡುತ್ತಾರೆ ಎಂಬ ಎಣಿಕೆ ತಪ್ಪು. ಹಳ್ಳಿಯವರು ಅಷ್ಟು ದಡ್ಡರಲ್ಲ.

ಮುಂದೆ ಆದದ್ದು ಇನ್ನೂ ಕೆಟ್ಟದ್ದು. 2018ರ ಡಿಸೆಂಬರಿನಿಂದ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಕಾಯಿಲೆ ಹಬ್ಬಿ ಹಲವರು ತೀರಿಕೊಂಡರು. ಹತ್ತಿರದ ಊರುಗಳಲ್ಲಿ ಲಸಿಕೆಗೆ ಸಾಲು ನಿಂತಿತು. ಕೊನೆಗೆ ನೋಡಿದರೆ ಲಸಿಕೆಯ ಸಾಮರ್ಥ್ಯವೇ ಸಾಲದು ಎಂದು 2022ರಲ್ಲಿ ಅದನ್ನು ನಿಲ್ಲಿಸಿದರು.

ಬೈಗುಳ ಯಾರಿಗೆ?

ಈಗ ಹೇಳಿ, ಈ ವಿಷಯದಲ್ಲಿ ಊರಿನವರ ಎದುರು ನಿಂತವರು ಯಾರು? ಲಸಿಕೆ ತಯಾರಿಸಿದವರಲ್ಲ. ಬೆಂಗಳೂರಿನಲ್ಲಿ ಕಡತಕ್ಕೆ ಸಹಿ ಹಾಕಿದವರೂ ಅಲ್ಲ. ಎದುರು ನಿಂತವರು ಉಪಕೇಂದ್ರದ ಸಿಸ್ಟರ್ ಮತ್ತು ಊರಿನ ಆಶಾ ಅಕ್ಕ. 'ಅಕ್ಕಾ, ನೀನೇ ಅಲ್ವಾ ಬಲವಂತ ಮಾಡಿ ಚುಚ್ಚಿಸಿದ್ದು? ಈಗ ಅದು ಪವರೇ ಇಲ್ಲದ್ದು ಅಂತಾರಲ್ಲ?' ಎಂದು ಕೇಳಿದರೆ ಆಕೆ ಏನು ಉತ್ತರ ಕೊಡಬೇಕು? ಆಕೆಗೂ ಸುದ್ದಿ ಗೊತ್ತಾದದ್ದು ನಮ್ಮ ಹಾಗೇ, ಪೇಪರಿನಲ್ಲಿ.

ಆಶಾ ಯೋಜನೆ ಬಂದದ್ದು 2005ರಲ್ಲಿ. ಸುಮಾರು ಸಾವಿರ ಜನಕ್ಕೆ ಒಬ್ಬರಂತೆ, ಅದೇ ಊರಿನ ಹೆಣ್ಣುಮಗಳು. ಬೇರೆ ಊರಿನ ಡಾಕ್ಟರಿಗಿಂತ ಊರಿನ ಸೊಸೆಯ ಮಾತು ನಾಟುತ್ತದೆ ಎಂಬ ಲೆಕ್ಕಾಚಾರ ಸರಿಯಾದದ್ದೇ. ಆದರೆ ಅದರ ಅರ್ಥ ಏನು? ಸರಕಾರ ಆಕೆಯಿಂದ ತೆಗೆದುಕೊಳ್ಳುತ್ತಿರುವುದು ಬರೀ ದುಡಿಮೆಯನ್ನಲ್ಲ, ಊರಿನಲ್ಲಿ ಆಕೆಗಿರುವ ಮರ್ಯಾದೆಯನ್ನು. ಇಲಾಖೆಯ ಮಾತು ಒಮ್ಮೆ ಸುಳ್ಳಾದರೆ ಖರ್ಚಾಗುವುದು ಆ ಮರ್ಯಾದೆ. ಇಲಾಖೆಗೆ ಮುಂದಿನ ವರ್ಷ ಬೇರೆ ಅಧಿಕಾರಿ ಬರುತ್ತಾರೆ. ಆಕೆ ಅದೇ ಊರಿನಲ್ಲಿ, ಅದೇ ಮದುವೆ ಮನೆಗಳಲ್ಲಿ, ಅದೇ ಬಾವಿಕಟ್ಟೆಯಲ್ಲಿ ಬದುಕಬೇಕು.

ಅದಕ್ಕೆ ಸಿಗುವ ಪ್ರತಿಫಲ ನೋಡಿ. ಆಶಾ ಸರಕಾರಿ ನೌಕರಳಲ್ಲ. ಸಂಬಳ ಅಲ್ಲ, ಗೌರವಧನ. ಅದರ ಮೇಲೆ ಗರ್ಭಿಣಿಯರ ತಪಾಸಣೆಗಿಷ್ಟು, ಮಕ್ಕಳ ಲಸಿಕೆಗಿಷ್ಟು ಎಂದು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಆಕೆ ಮಾಡಿದ ಕೆಲಸವನ್ನು ಬೇರೆಯವರು ಕಂಪ್ಯೂಟರಿಗೆ ತುಂಬಬೇಕು. ತುಂಬುವುದು ತಪ್ಪಿದರೆ, ತಾಳೆ ಆಗದಿದ್ದರೆ ದುಡ್ಡಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತದ್ದು ಇದೇ ಕಾರಣಕ್ಕೆ. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಪಡೆದು ಎದ್ದರು. ಹತ್ತು ಸಾವಿರ! ಅಡಿಕೆ ಕೊಯ್ಯುವವರ ದಿನಗೂಲಿ ಎಷ್ಟು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಲಿನ ಡೇರಿಯನ್ನು ನೋಡಿ ಕಲಿಯಬಹುದು

ನಮ್ಮ ಊರುಗಳಲ್ಲಿ ಜನ ನಂಬುವ ಒಂದು ಸಂಸ್ಥೆ ಇದ್ದರೆ ಅದು ಹಾಲಿನ ಸೊಸೈಟಿ. ಅಲ್ಲೂ ಜಗಳ ಉಂಟು, ರಾಜಕೀಯ ಉಂಟು. ಆದರೂ ಬೆಳಗಾದರೆ ಕ್ಯಾನು ಹಿಡಿದು ಹೋಗುತ್ತೇವೆ. ಯಾಕೆಂದರೆ ಹಾಲು ಅಳೆಯುವುದು ನಮ್ಮ ಕಣ್ಣೆದುರು. ಫ್ಯಾಟ್ ಎಷ್ಟು ಎಂಬ ಚೀಟಿ ನಮ್ಮ ಕೈಗೆ. ಬಟವಾಡೆ ಹೇಳಿದ ದಿನಕ್ಕೆ. ಫ್ಯಾಟ್ ಕಮ್ಮಿ ಬಂದರೆ ಗೊಣಗುತ್ತೇವೆ, ಆದರೆ ಹಿಂಡಿ ಬದಲಾಯಿಸಿ ನೋಡುತ್ತೇವೆ. ಚೀಟಿಯೇ ಕೊಡದೆ 'ನಿಮ್ಮ ಹಾಲು ಸರಿ ಇಲ್ಲ' ಅಂದಿದ್ದರೆ ಸೊಸೈಟಿ ಆರು ತಿಂಗಳು ನಿಲ್ಲುತ್ತಿರಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಜ್ವರ ಬಂದವರ ರಕ್ತ ತೆಗೆದು ಕಳಿಸುತ್ತಾರೆ. ಪಾಸಿಟಿವ್ ಆದರೆ ಗಾಡಿ ಬರುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಏನೂ ಇಲ್ಲ ಎಂದಾದರೆ? ಎಷ್ಟೋ ಸಲ ಹೇಳುವವರೇ ಇಲ್ಲ. ರಕ್ತ ಕೊಟ್ಟವರು ವಾರಗಟ್ಟಲೆ ಆಶಾ ಅಕ್ಕನನ್ನು ಕೇಳುತ್ತಾರೆ, ಆಕೆ ಸಿಸ್ಟರನ್ನು ಕೇಳುತ್ತಾರೆ, ಸಿಸ್ಟರು ಮೇಲಿನವರನ್ನು. 'ರಕ್ತ ತಗೊಂಡು ಹೋಗೋದು ಮಾತ್ರ ಗೊತ್ತು ಇವ್ರಿಗೆ' ಎಂಬ ಮಾತು ಹುಟ್ಟುವುದು ಅಲ್ಲೇ. ಮುಂದಿನ ಸಲ ಆ ಮನೆಯವರು ರಕ್ತ ಕೊಡುವುದಿಲ್ಲ.

ಸಿಬ್ಬಂದಿಯ ಉತ್ಸಾಹ ಕುಂದುವುದೂ ಅದೇ ಜಾಗದಲ್ಲಿ. ಕೆಲಸ ಜಾಸ್ತಿ ಎಂಬುದಕ್ಕಿಂತ, ಮಾಡಿದ ಕೆಲಸಕ್ಕೆ ಉತ್ತರ ಸಿಗದೆ ಇರುವುದು ಮನುಷ್ಯನನ್ನು ಬೇಗ ಸೋಲಿಸುತ್ತದೆ. ಬಿತ್ತಿದ್ದು ಹುಟ್ಟದ ಗದ್ದೆಗೆ ಎಷ್ಟು ದಿನ ಅಂತ ನೀರು ಕಟ್ಟುತ್ತೀರಿ?

'ಸಂಬಳ ತಗೊಳ್ತಾರೆ, ಮಾಡ್ಲಿ'

ಇದಕ್ಕೆ ಎದುರು ಮಾತು ನನಗೆ ಗೊತ್ತುಂಟು. ಸರಕಾರಿ ಆಸ್ಪತ್ರೆಯವರಿಗೆ ಸದರ ಕೊಟ್ಟಷ್ಟೂ ಸೋಮಾರಿಗಳಾಗುತ್ತಾರೆ. ಹಾಜರಿ ಯಂತ್ರ ಇಡಿ, ತಪಾಸಣೆ ಮಾಡಿ, ನೋಟೀಸು ಕೊಡಿ, ತಾನಾಗಿ ಸರಿಯಾಗುತ್ತದೆ. ಹತ್ತು ಗಂಟೆಗೆ ಬರಬೇಕಾದವರು ಹನ್ನೆರಡಕ್ಕೆ ಬರುವುದು, ಔಷಧಿಗೆ ಹೊರಗೆ ಚೀಟಿ ಬರೆಯುವುದು, ಇದೆಲ್ಲ ಇಲ್ಲವೆಂದು ನಾನು ಹೇಳುವುದಿಲ್ಲ. ಅಂಥವರಿಗೆ ನೋಟೀಸು ಕೊಡಲಿ. ಆದರೆ ನೋಟೀಸು ಬರಿಸುವುದು ಹಾಜರಿಯನ್ನು ಮಾತ್ರ. ಸಂಜೆ ಏಳು ಗಂಟೆಗೆ ಜ್ವರದ ಸುದ್ದಿ ಕೇಳಿ, ಟಾರ್ಚು ಹಿಡಿದು ಕಾಡು ದಾಟಿ ಒಂಟಿ ಮನೆಗೆ ಹೋಗುವ ಮನಸ್ಸನ್ನು ಯಾವ ನೋಟೀಸೂ ತರಿಸುವುದಿಲ್ಲ. ಮಂಗನ ಕಾಯಿಲೆಯಲ್ಲಿ ಜೀವ ಉಳಿಸುವುದು ಆ ಮನಸ್ಸು.

ನಮ್ಮ ಪಾಲೂ ಉಂಟು

ಬರೀ ಸರಕಾರಕ್ಕೆ ಬೈದರೆ ಸಾಲದು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತಲ ದರಕಿಗೆ ಇಳಿಯುತ್ತದೆ. ಅಲ್ಲಿ ಓಡಾಡಿದವರಿಗೆ ಅಪಾಯ. ಬೇಗ ತಿಳಿಸಿದರೆ ಇಲಾಖೆಯವರು ಬಂದು ಸುತ್ತ ಪುಡಿ ಹೊಡೆದು, ಹೆಣ ಸುಟ್ಟು, ಊರಿಗೆ ಎಚ್ಚರಿಕೆ ಕೊಡಬಹುದು. ಆದರೆ ಎಷ್ಟು ಜನ ತಿಳಿಸುತ್ತೇವೆ? 'ನೀವೇ ಹೊಡೆದು ಕೊಂದಿರಾ' ಎಂದು ಅರಣ್ಯ ಇಲಾಖೆಯವರು ಕೇಳಿಯಾರು ಎಂಬ ಅಂಜಿಕೆ. ಮಂಗಗಳಿಂದ ಏಲಕ್ಕಿ, ಬಾಳೆ, ಎಳೆ ಅಡಿಕೆ ಕಳೆದುಕೊಂಡವರ ಮೇಲೆ ಅನುಮಾನ ಸುಲಭ. ನಾವು ಇಲಾಖೆಯನ್ನು ನಂಬುವುದಿಲ್ಲ, ಇಲಾಖೆ ನಮ್ಮನ್ನು ನಂಬುವುದಿಲ್ಲ. ನಡುವೆ ಉಣುಗು ತನ್ನ ಕೆಲಸ ಮಾಡುತ್ತದೆ.

ಹಾಗಾಗಿ ನನ್ನ ಸಲಹೆಗಳು ಇಷ್ಟು. ದೊಡ್ಡ ಯೋಜನೆ ಯಾವುದೂ ಬೇಡ.

1. ರಕ್ತ ಪರೀಕ್ಷೆಯ ಫಲಿತಾಂಶ, ಇದೆ ಎಂದಾದರೂ ಇಲ್ಲ ಎಂದಾದರೂ, ಗೊತ್ತುಮಾಡಿದ ದಿನದೊಳಗೆ ಆಯಾ ಊರಿನ ಆಶಾ ಕಾರ್ಯಕರ್ತೆಯ ಕೈಗೆ ಬರಬೇಕು. ಅವರೇ ಮನೆಗೆ ಹೋಗಿ ಹೇಳಬೇಕು. ಒಳ್ಳೆಯ ಸುದ್ದಿ ಹೇಳುವ ಭಾಗ್ಯವೂ ಅವರಿಗಿರಲಿ.

2. ಗೌರವಧನ, ಪ್ರೋತ್ಸಾಹಧನ ತಿಂಗಳ ಒಂದೇ ದಿನಕ್ಕೆ ಬರಲಿ. ಯಾವ ಕೆಲಸಕ್ಕೆ ಎಷ್ಟು ಬಂತು, ಯಾವುದು ಕಡಿತವಾಯಿತು, ಯಾಕೆ, ಎಂಬ ಚೀಟಿ ಜತೆಗಿರಲಿ. ಹಾಲಿನ ಚೀಟಿ ಕೊಡಬಲ್ಲ ನಾಡಿನಲ್ಲಿ ಇದು ಕಷ್ಟವಲ್ಲ.

3. ಕಾಯಿಲೆ ಬರುವ ಊರುಗಳಲ್ಲಿ ಡಿಸೆಂಬರಿನಿಂದ ಮೇ ತನಕ ಡಾಕ್ಟರನ್ನೂ ಸಿಸ್ಟರನ್ನೂ ಬೇರೆ ಕಡೆಗೆ ನಿಯೋಜಿಸಬಾರದು. ಮಳೆಗಾಲದಲ್ಲಿ ಬೇಕಾದರೆ ಮಾಡಲಿ.

4. ಸತ್ತ ಮಂಗದ ಸುದ್ದಿ ಕೊಟ್ಟವರನ್ನು ವಿಚಾರಣೆಗೆ ಎಳೆಯುವುದಿಲ್ಲ ಎಂದು ಎರಡೂ ಇಲಾಖೆಯವರು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಹೇಳಲಿ. ಹೇಳಿದ ಮೇಲೆ ಸುದ್ದಿ ಕೊಡುವುದು ನಮ್ಮ ಹೊಣೆ.

5. ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ, ಊರಿನ ಆರೋಗ್ಯ ನೈರ್ಮಲ್ಯ ಸಮಿತಿ ಎರಡರಲ್ಲೂ ನಮ್ಮವರಿಗೆ ಜಾಗ ಇದೆ. ಸಭೆಗೆ ಹೋಗೋಣ. ತಪ್ಪಿದ್ದನ್ನು ಕೇಳುವ ಹಾಗೆಯೇ, ರಾತ್ರಿ ಬಂದವರ ಹೆಸರನ್ನೂ ಸಭೆಯಲ್ಲಿ ಹೇಳಿ ನಡಾವಳಿಯಲ್ಲಿ ಬರೆಸೋಣ. ದೂರು ಮಾತ್ರ ಕಡತಕ್ಕೆ ಹೋದರೆ ಒಳ್ಳೆಯವರು ಯಾರೆಂದು ಮೇಲಿನವರಿಗೆ ತಿಳಿಯುವುದು ಹೇಗೆ?

ಕೊನೆಯದು ಎಲ್ಲಕ್ಕಿಂತ ಮುಖ್ಯ. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕೈಗೆತ್ತಿಕೊಂಡಿವೆ. ಅದು ಊರಿಗೆ ಬರುವ ದಿನ ಮತ್ತೆ ಆಶಾ ಅಕ್ಕನೇ ಬಾಗಿಲು ತಟ್ಟಬೇಕು. ಅದಕ್ಕೆ ಮೊದಲು ಎಷ್ಟು ಡೋಸು, ಎಷ್ಟು ರಕ್ಷಣೆ, ಎಷ್ಟು ನೋವು, ಒಂದು ತಪ್ಪಿದರೆ ಏನು, ಹಾಕಿಸಿಕೊಂಡೂ ಜ್ವರ ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಆಕೆಗೆ ಮೊದಲು ಹೇಳಲಿ, ಆಮೇಲೆ ನಮಗೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಲಿ. ಹಳೆಯ ಲಸಿಕೆ ಯಾಕೆ ಸೋತಿತು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅದಕ್ಕೆ ಉತ್ತರ ಕೊಡದೆ ಹೊಸ ಸೂಜಿ ಹಿಡಿದು ಬಂದರೆ, ಲಸಿಕೆ ಎಷ್ಟೇ ಒಳ್ಳೆಯದಿರಲಿ, ಬಾಗಿಲು ತೆರೆಯುವವರು ಕಮ್ಮಿ.

ಅಲ್ಲಿಯವರೆಗೆ ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿ. ಬಂದ ಮೇಲೆ ಸೋಪು ಹಾಕಿ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಜ್ವರ, ತಲೆಸಿಡಿತ, ಮೈಕೈ ನೋವು ಒಟ್ಟಿಗೆ ಬಂದರೆ ನಾಳೆಗೆ ಇಡಬೇಡಿ. ಈ ಮಾತು ಹೇಳಲು ಬರುವವರು ಮನೆಗೆ ಬಂದಾಗ ಕೂರಿಸಿ ಒಂದು ಲೋಟ ಮಜ್ಜಿಗೆ ಕೊಡಿ. ಇಲಾಖೆಯಿಂದ ಬರಬೇಕಾದ್ದು ಬರುವಾಗ ಬರಲಿ, ಅಷ್ಟರ ಮಟ್ಟಿಗೆ ನಮ್ಮದು ಬಾಕಿ ಇರುವುದು ಬೇಡ.